ಪದ ಒಂದೇ, ಅರ್ಥ ಹಲವು: ಇದು ಹೇಗೆ ಆಗುತ್ತದೆ, ಬಿಡಿಸಿಕೊಳ್ಳುವುದು ಹೇಗೆ

"ನೆರೆ" ಅನ್ನುವ ಪದವನ್ನೇ ತಗೊಳ್ಳಿ. ನದಿ ಉಕ್ಕಿ ಬಂದರೆ ಅದು ನೆರೆ. ಅದಕ್ಕೆ "ಹೊರೆ" ಸೇರಿಸಿ ನೆರೆಹೊರೆ ಅಂದರೆ ಅಕ್ಕಪಕ್ಕದವರು. ಕೂದಲು ನೆರೆತಿದೆ ಅಂದರೆ ಬೆಳ್ಳಗಾಗಿದೆ ಅಂತ. ಜನ ನೆರೆದರು ಅಂದರೆ ಒಂದು ಕಡೆ ಸೇರಿದರು ಅಂತ. ನೀರಿಗೂ ಪಕ್ಕದ ಮನೆಗೂ ಬಿಳಿ ಕೂದಲಿಗೂ ಏನು ಸಂಬಂಧ? ಆದರೂ ನಾವು ಯಾರೂ ಮಾತಿನ ಮಧ್ಯೆ ನಿಂತು "ಯಾವ ನೆರೆ?" ಅಂತ ಕೇಳುವುದಿಲ್ಲ. ಗೊತ್ತಾಗಿಬಿಡುತ್ತದೆ.

ಮನುಷ್ಯರ ಮಧ್ಯೆ ಮಾತ್ರ ಮಾತು ನಡೆಯುತ್ತಿದ್ದ ಕಾಲದಲ್ಲಿ ಇದು ಯಾರಿಗೂ ಅಷ್ಟೇನೂ ತಲೆನೋವಾಗಿರಲಿಲ್ಲ. ಈಗ ಹಾಗಲ್ಲ. ಫೋನಿಗೆ ಬಾಯಲ್ಲೇ ಹೇಳಿ ಕೆಲಸ ಮಾಡಿಸುತ್ತೇವೆ, ಒಂದು ಪತ್ರವನ್ನು ಯಂತ್ರಕ್ಕೆ ಕೊಟ್ಟು ಇನ್ನೊಂದು ಭಾಷೆಗೆ ಮಾಡಿಸುತ್ತೇವೆ, ಒಂದೇ ಒಂದು ಹೆಸರು ಬರೆದು ಹುಡುಕುತ್ತೇವೆ. "ನೆರೆ ಪರಿಹಾರ" ಮತ್ತು "ನೆರೆ ರಾಜ್ಯ" ಎರಡರಲ್ಲೂ ಇರುವ ನೆರೆ ಬೇರೆ ಬೇರೆ ಅನ್ನುವುದು ಯಂತ್ರಕ್ಕೆ ತಾನಾಗಿ ಗೊತ್ತಿರುವುದಿಲ್ಲ. ಹಾಗಾಗಿ ಒಂದೇ ಪದಕ್ಕೆ ಹಲವು ಅರ್ಥ ಎಲ್ಲಿಂದ ಬರುತ್ತದೆ, ನಮ್ಮ ತಲೆ ಅದನ್ನು ಹೇಗೆ ಬಿಡಿಸುತ್ತದೆ, ಯಂತ್ರ ಎಲ್ಲಿ ತಪ್ಪುತ್ತದೆ ಅಂತ ಒಮ್ಮೆ ಬುಡದಿಂದ ನೋಡುವುದು ಒಳ್ಳೆಯದು.

## ಹೊರಗಿಂದ ಒಂದೇ, ಒಳಗೆ ಎರಡು ಬಗೆ

ಅಣ್ಣ ತಮ್ಮಂದಿರು ಒಬ್ಬರನ್ನೊಬ್ಬರು ಹೋಲುತ್ತಾರೆ. ಯಾವ ಸಂಬಂಧವೂ ಇಲ್ಲದ ಇಬ್ಬರು ಕೂಡ ಕೆಲವೊಮ್ಮೆ ಒಂದೇ ಥರ ಕಾಣುತ್ತಾರೆ. ಹೊರಗಿನವರಿಗೆ ಎರಡೂ ಒಂದೇ ಅನ್ನಿಸಬಹುದು, ಆದರೆ ಒಂದು ರಕ್ತಸಂಬಂಧ, ಇನ್ನೊಂದು ಬರೀ ಆಕಸ್ಮಿಕ. ಪದಗಳಲ್ಲೂ ಹೀಗೇ ಎರಡು ಬಗೆ ಇದೆ.

ಮೊದಲನೆಯದರಲ್ಲಿ ಪದ ನಿಜಕ್ಕೂ ಒಂದೇ. ಅದರ ಅರ್ಥ ಕಾಲಕ್ರಮದಲ್ಲಿ ಕವಲೊಡೆದಿರುತ್ತದೆ. ಭಾಷಾ ವಿಜ್ಞಾನದವರು ಇದನ್ನು ಪಾಲಿಸೆಮಿ ಅನ್ನುತ್ತಾರೆ. ಎರಡನೆಯದರಲ್ಲಿ ಪದಗಳೇ ಬೇರೆ ಬೇರೆ, ಹುಟ್ಟಿದ ಜಾಗವೂ ಬೇರೆ, ಕೊನೆಗೆ ಒಂದೇ ರೂಪಕ್ಕೆ ಬಂದು ನಿಂತಿವೆ. ಇದಕ್ಕೆ ಹೋಮೊನಿಮಿ ಅಂತ ಹೆಸರು. ನಮ್ಮ ಶಾಲೆಯ ವ್ಯಾಕರಣದಲ್ಲಿ ಎರಡನ್ನೂ ಸೇರಿಸಿ ನಾನಾರ್ಥ ಪದಗಳು ಅಂತ ಒಂದೇ ಪಟ್ಟಿಯಲ್ಲಿ ಹಾಕಿಬಿಡುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು, ಆದರೆ ಈ ವಿಷಯದಲ್ಲಿ ಕುತೂಹಲದ ಸಂಗತಿ ಇರುವುದೇ ಆ ಎರಡರ ನಡುವಿನ ಗೆರೆಯಲ್ಲಿ.

ಆ ಗೆರೆ ಹುಡುಕಲು ಒಂದು ಸುಲಭದ ದಾರಿ ಇದೆ. ಎರಡು ಅರ್ಥಗಳನ್ನು ಒಂದೇ ವಾಕ್ಯದಲ್ಲಿ, ಪದವನ್ನು ಒಂದೇ ಸಲ ಬಳಸಿ ಜೋಡಿಸಿ ನೋಡಿ. "ಅವನು ಮನೆಯನ್ನೂ ಕಟ್ಟಿದ, ಸಂಘವನ್ನೂ" ಅಂದರೆ ಕಿವಿಗೆ ಸರಿಯಾಗಿಯೇ ಕೇಳುತ್ತದೆ. "ಅವನು ಹಾಲನ್ನೂ ಕರೆದ, ಗೆಳೆಯನನ್ನೂ" ಅಂದು ನೋಡಿ, ನಗು ಬರುತ್ತದೆ. ಕಟ್ಟುವುದರಲ್ಲಿ ಎರಡು ಅರ್ಥಗಳಿಗೂ ನಂಟಿದೆ. ಕರೆಯುವುದರಲ್ಲಿ ಇಲ್ಲ. ಪ್ರತಿ ಸಲವೂ ಈ ಪರೀಕ್ಷೆ ಸ್ಪಷ್ಟ ಉತ್ತರ ಕೊಡುವುದಿಲ್ಲ, ಆದರೆ ಶುರು ಮಾಡಲು ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ.

## ಒಂದು ಅರ್ಥ ಹಲವಾಗುವುದು ಹೀಗೆ

"ಹೊಡೆ" ಅನ್ನುವುದನ್ನು ನೋಡಿ. ಮೂಲದಲ್ಲಿ ಅದು ಏಟು ಹಾಕುವುದು, ಅಷ್ಟೇ. ಆದರೆ ನಾವು ಗೋಡೆಗೆ ಬಣ್ಣ ಹೊಡೆಯುತ್ತೇವೆ, ಸೀಟಿ ಹೊಡೆಯುತ್ತೇವೆ, ಗೊರಕೆ ಹೊಡೆಯುತ್ತೇವೆ, ಕಣ್ಣು ಹೊಡೆಯುತ್ತೇವೆ, ಕೂತು ಹರಟೆ ಹೊಡೆಯುತ್ತೇವೆ, ನಕಲು ಹೊಡೆಯುತ್ತೇವೆ. ಯಾರಿಗೂ ಏಟು ಬೀಳುವುದಿಲ್ಲ! ಒಂದು ಬಳಕೆಯಿಂದ ಪಕ್ಕದ ಬಳಕೆಗೆ, ಅಲ್ಲಿಂದ ಅದರ ಪಕ್ಕದ್ದಕ್ಕೆ ಪದ ಜಿಗಿಯುತ್ತಾ ಹೋಗಿದೆ. ಸುಣ್ಣದ ಕುಂಚವನ್ನು ಗೋಡೆಗೆ ಬಡಿಯುವುದು ಹೊಡೆತದ ಹಾಗೇ ಕಾಣುತ್ತದೆ, ಅದು ಮೊದಲ ಜಿಗಿತ ಅಂದುಕೊಳ್ಳಬಹುದು. ಹರಟೆಯ ಹೊತ್ತಿಗೆ ಏಟಿನ ನೆನಪು ಪೂರ್ತಿ ಮಾಸಿದೆ.

ಅರ್ಥ ಜಿಗಿಯಲು ಮುಖ್ಯವಾಗಿ ಎರಡು ದಾರಿ. ಒಂದು ಹೋಲಿಕೆ. ಕಂಪ್ಯೂಟರ್ ಪಕ್ಕದ ಮೌಸ್ ಇಲಿಯಂತೆ ಕಂಡಿತು, ಹೆಸರು ಅಂಟಿಕೊಂಡಿತು. ಕನ್ನಡದಲ್ಲಿ ಸರಪಳಿಯ ಕೊಂಡಿ ಈಗ ಜಾಲತಾಣದ ಕೊಂಡಿಯೂ ಆಗಿದೆ, ಯಾಕೆಂದರೆ ಎರಡೂ ಒಂದನ್ನು ಇನ್ನೊಂದಕ್ಕೆ ಸೇರಿಸುತ್ತವೆ. ಇನ್ನೊಂದು ದಾರಿ ಒಡನಾಟ. ತಿಂಗಳು ಅಂದರೆ ಹಿಂದೆ ಚಂದ್ರ. ಚಂದ್ರ ಒಂದು ಸುತ್ತು ಮುಗಿಸುವ ಕಾಲಕ್ಕೂ ಅದೇ ಹೆಸರು ಬಂತು. ಚಂದ್ರನಿಗೂ ಕಾಲಕ್ಕೂ ಹೋಲಿಕೆ ಏನೂ ಇಲ್ಲ, ಆದರೆ ಅವು ಯಾವಾಗಲೂ ಜೊತೆಗೇ ಇರುತ್ತವೆ. ಸಂಸ್ಕೃತದ ಪಾದವೂ ಹೀಗೇ. ಅದು ಕಾಲು. ಪ್ರಾಣಿಗೆ ನಾಲ್ಕು ಕಾಲು, ಹಾಗಾಗಿ ಪಾದ ಅಂದರೆ ನಾಲ್ಕನೇ ಒಂದು ಭಾಗ. ಪದ್ಯಕ್ಕೆ ನಾಲ್ಕು ಸಾಲು, ಹಾಗಾಗಿ ಒಂದು ಸಾಲೂ ಪಾದ.

ನಾವು ದಿನಾ ಬಳಸುವ ಪದಗಳಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಅಂದರೆ ಖಾತೆ. ಲೆಕ್ಕ ಬರೆದಿಡುವ ಪುಸ್ತಕದ ಒಂದು ಭಾಗ ಅದು. ಅಲ್ಲಿಂದ ಬ್ಯಾಂಕಿನ ಖಾತೆ, ಜಮೀನಿನ ಖಾತೆ, ಸಚಿವರಿಗೆ ಹಂಚುವ ಖಾತೆ, ಈಗ ಸಾಮಾಜಿಕ ಜಾಲತಾಣದ ಖಾತೆ. "ಖಾತೆ ಬದಲಾಯಿತು" ಅಂದರೆ ಆಸ್ತಿ ಕೈ ಬದಲಾಯಿತೋ ಸಚಿವರಿಗೆ ಬೇರೆ ಇಲಾಖೆ ಸಿಕ್ಕಿತೋ ಅಂತ ಆ ಒಂದು ವಾಕ್ಯದಿಂದ ಹೇಳಲು ಆಗುವುದಿಲ್ಲ. ಆದರೆ ಬೇರು ಒಂದೇ: ಯಾರ ಹೆಸರಲ್ಲಿ ಏನಿದೆ ಅನ್ನುವ ದಾಖಲೆ.

ಸಂಸ್ಕೃತದ ಅಮರಕೋಶದಲ್ಲಿ ನಾನಾರ್ಥಗಳಿಗೇ ಒಂದು ಪ್ರತ್ಯೇಕ ವರ್ಗ ಇದೆ. ಅಲ್ಲಿ "ಹರಿ" ಪದಕ್ಕೆ ಕೊಟ್ಟಿರುವ ಅರ್ಥಗಳನ್ನು ಎಣಿಸಿ ನೋಡಿ: ಯಮ, ಗಾಳಿ, ಇಂದ್ರ, ಚಂದ್ರ, ಸೂರ್ಯ, ವಿಷ್ಣು, ಸಿಂಹ, ಕಿರಣ, ಕುದುರೆ, ಗಿಳಿ, ಹಾವು, ಕಪಿ, ಕಪ್ಪೆ. 13 ಆಯಿತು. ಇದರ ಮೇಲೆ ಕಪಿಲ ಅನ್ನುವ ಬಣ್ಣ ಬೇರೆ. ಮೊದಲ ನೋಟಕ್ಕೆ ಇದೊಂದು ಹುಚ್ಚು ಪಟ್ಟಿ. ಆದರೆ ಆ ಕೊನೆಯ ಅರ್ಥದಲ್ಲೇ ಬೀಗದ ಕೈ ಇದೆ. ಹರಿ ಅನ್ನುವುದು ಹಳದಿ, ಕಂದು, ಹಸಿರು ಇವುಗಳ ನಡುವಿನ ಬಣ್ಣಗಳನ್ನು ಹೇಳುವ ಹಳೆಯ ಪದ. ಸಿಂಹ, ಕುದುರೆ, ಕಪಿ, ಗಿಳಿ, ಕಪ್ಪೆ, ಸೂರ್ಯನನ್ನು ಈಗ ಆ ಬಣ್ಣ ಇಟ್ಟುಕೊಂಡು ಮತ್ತೆ ನೋಡಿ, ಪಟ್ಟಿ ಅಷ್ಟೇನೂ ಹುಚ್ಚಾಗಿ ಕಾಣುವುದಿಲ್ಲ ಅಲ್ವಾ?

## ಆಕಸ್ಮಿಕ ಡಿಕ್ಕಿ: ಕನ್ನಡ ಕಳೆದುಕೊಂಡ ಎರಡು ಅಕ್ಷರ

ಈಗ ಎರಡನೇ ಬಗೆಗೆ ಬರೋಣ. ಸಂಬಂಧವೇ ಇಲ್ಲದ ಪದಗಳು ಒಂದೇ ರೂಪಕ್ಕೆ ಹೇಗೆ ಬರುತ್ತವೆ? ಇದಕ್ಕೆ ಹೊರಗೆಲ್ಲೂ ಹೋಗಬೇಕಿಲ್ಲ, ಕನ್ನಡದಲ್ಲೇ ಬಹಳ ಚೆನ್ನಾದ ಕಥೆ ಇದೆ.

ಹಳಗನ್ನಡದಲ್ಲಿ ಈಗಿನ ರ ಅಲ್ಲದೆ ಇನ್ನೊಂದು ಗಡಸು ರ ಇತ್ತು. ಅದನ್ನು ಱ ಅಂತ ಬರೆಯುತ್ತಿದ್ದರು. ಈಗಿನ ಳ ಅಲ್ಲದೆ ೞ ಅನ್ನುವ ಇನ್ನೊಂದು ಅಕ್ಷರವೂ ಇತ್ತು. ತಮಿಳು, ಮಲಯಾಳದಲ್ಲಿ ಆ ಅಕ್ಷರ ಇವತ್ತಿಗೂ ಇದೆ. ಕನ್ನಡದ ಬಾಯಲ್ಲಿ ಮೊದಲು ೞ ಮಾಯವಾಯಿತು, ಆಮೇಲೆ ಱ. ಒಂದು ಳ ಜೊತೆ, ಇನ್ನೊಂದು ರ ಜೊತೆ ಸೇರಿಹೋಯಿತು. 13ನೇ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ೞ ಬರೆಯಬೇಕಾದ ಪದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಎಲ್ಲರಿಗೂ ಸಹಜವಾಗಿ ಗೊತ್ತಿರುವುದಕ್ಕೆ ಯಾರೂ ಪಟ್ಟಿ ಮಾಡುವುದಿಲ್ಲ. ಆ ಹೊತ್ತಿಗಾಗಲೇ ಜನರಿಗೆ ಗೊಂದಲ ಶುರುವಾಗಿತ್ತು ಅಂತ ಇದರಿಂದ ಊಹಿಸಬಹುದು.

ಅಕ್ಷರ ಹೋದಾಗ ಏನಾಯಿತು? ಅಲ್ಲಿಯವರೆಗೆ ಬೇರೆ ಬೇರೆ ಇದ್ದ ಪದಗಳು ರಾಶಿ ರಾಶಿಯಾಗಿ ಒಂದರ ಮೇಲೊಂದು ಬಂದು ಕೂತವು. ಕೂಗುವುದು "ಕರೆ" ಆಗಿತ್ತು, ಹಾಲು ಹಿಂಡುವುದು "ಕಱೆ" ಆಗಿತ್ತು. ಈಗ ಎರಡೂ ಕರೆ. ನೀರಿನ ಕೆರೆ ಹಿಂದೆ "ಕೆಱೆ", ತುರಿಕೆಗೆ ಉಗುರಿನಿಂದ ಕೆರೆಯುವುದು "ಕೆರೆ". ರಾಜ "ಅರಸು", ಹುಡುಕುವುದು "ಅಱಸು". ಹಲ್ಲು ಕೀಳುವುದು "ಕೀಳ್", ಕೆಳಮಟ್ಟದ ಅನ್ನುವ ಕೀಳು "ಕೀೞ್". ಬದುಕು "ಬಾೞ್", ಕತ್ತಿ "ಬಾಳ್". ಮೇಲೆ ಹಾಲನ್ನೂ ಗೆಳೆಯನನ್ನೂ ಜೊತೆಗೆ ಕರೆದರೆ ನಗು ಬರುತ್ತದೆ ಅಂದೆನಲ್ಲ, ಅದಕ್ಕೆ ಕಾರಣ ಇದು. ಅವು ಯಾವತ್ತೂ ಒಂದೇ ಪದ ಆಗಿರಲಿಲ್ಲ. ಅವುಗಳ ಮಧ್ಯೆ ಇದ್ದ ಗೋಡೆ ಬಿದ್ದುಹೋಯಿತು, ಅಷ್ಟೇ.

ಇನ್ನೊಂದು ದೊಡ್ಡ ಬದಲಾವಣೆ ಪ ಹೋಗಿ ಹ ಆದದ್ದು. ಪುಲಿ ಹುಲಿಯಾಯಿತು, ಪಾಲು ಹಾಲಾಯಿತು. ನೀರು ಹರಿಯುವುದಕ್ಕೆ ಹಿಂದೆ "ಪರಿ" ಅನ್ನುತ್ತಿದ್ದರು. ಅದು ಹರಿ ಆದ ಕೂಡಲೇ ಎಲ್ಲಿಗೆ ಬಂದು ಮುಟ್ಟಿತು ನೋಡಿ: ಸಂಸ್ಕೃತದಿಂದ ಬಂದು ಆಗಲೇ ಕನ್ನಡದಲ್ಲಿ ನೆಲೆಯಾಗಿದ್ದ ಆ ಹರಿಯ ಪಕ್ಕಕ್ಕೆ. 13 ಅರ್ಥ ಇದ್ದ ಪದಕ್ಕೆ ಇನ್ನೂ ಒಂದು ಸಂಬಂಧವಿಲ್ಲದ ನೆಂಟ.

ಬೇರೆ ಭಾಷೆಯಿಂದ ಪದ ತರುವುದೂ ಡಿಕ್ಕಿಗೆ ದೊಡ್ಡ ಕಾರಣ. "ಕರಿ" ಅಂದರೆ ಕನ್ನಡದಲ್ಲಿ ಕಪ್ಪು. ಎಣ್ಣೆಯಲ್ಲಿ ಬೇಯಿಸುವುದೂ ಕರಿ. ಸಂಸ್ಕೃತದಲ್ಲಿ ಕರ ಅಂದರೆ ಕೈ, ಸೊಂಡಿಲು. ಅದು ಇರುವ ಪ್ರಾಣಿ ಕರಿ, ಅಂದರೆ ಆನೆ. ಆನೆ ಕಪ್ಪಗಿರುವುದರಿಂದ ಎರಡೂ ಒಂದೇ ಪದ ಇರಬೇಕು ಅನ್ನಿಸುತ್ತದೆ, ಆದರೆ ಅದು ತಪ್ಪು ಊಹೆ. "ಅರಿ" ಇನ್ನೂ ಸೊಗಸಾಗಿದೆ: ತಿಳಿಯುವುದು ಹಳಗನ್ನಡದ ಅಱಿ, ಕತ್ತರಿಸುವುದು ಅರಿ, ಶತ್ರು ಅನ್ನುವುದು ಸಂಸ್ಕೃತದ ಅರಿ. ಮೂರು ಕಡೆಯಿಂದ ಬಂದವರು ಒಂದೇ ಮನೆಯಲ್ಲಿ.

ಪ್ರತ್ಯಯ ಹತ್ತಿದಾಗಲೂ ಹೀಗಾಗುತ್ತದೆ. ಕಣ್ಣಿಗೆ ಹಚ್ಚುವ ಕಾಡಿಗೆ ಒಂದು ಪದ, ಕಾಡು ಪದಕ್ಕೆ ಇಗೆ ಸೇರಿ ಆದ ಕಾಡಿಗೆ ಇನ್ನೊಂದು. ಸಮಯ ಅನ್ನುವ ಹೊತ್ತು, ಹೊರೆ ಹೊತ್ತು ನಡೆದ ಅನ್ನುವ ಹೊತ್ತು. ಮೆಟ್ಟಿಲು ಹತ್ತಿ, ಹೊಲದ ಹತ್ತಿ. ಇವುಗಳಲ್ಲಿ ಒಂದೊಂದು ಜೋಡಿಯೂ ಆ ಒಂದು ರೂಪದಲ್ಲಿ ಮಾತ್ರ ಮುಖಾಮುಖಿ ಆಗುತ್ತವೆ. "ಹೊರುತ್ತಾನೆ" ಅಂದ ಕೂಡಲೇ ಸಮಯದ ಅರ್ಥ ದೂರ ಸರಿಯುತ್ತದೆ.

ಒಂದು ಎಚ್ಚರಿಕೆ. ಅಣ್ಣ ತಮ್ಮಂದಿರೋ ಅಪರಿಚಿತರೋ ಅನ್ನುವುದು ಕಣ್ಣಿಗೆ ಕಂಡಂತೆ ಇರಬೇಕಿಲ್ಲ. ಇಂಗ್ಲಿಷಿನಲ್ಲಿ ಸಂಬಂಧವಿಲ್ಲದ ಅರ್ಥಗಳಿಗೆ ಎಲ್ಲರೂ ಕೊಡುವ ಉದಾಹರಣೆ ಬ್ಯಾಂಕ್: ಹಣದ ಬ್ಯಾಂಕ್, ನದಿಯ ದಡ ಅನ್ನುವ ಬ್ಯಾಂಕ್. ಹಣದ ಬ್ಯಾಂಕ್ ಬಂದದ್ದು ಇಟಾಲಿಯನ್ನಿನ ಬಾಂಕಾದಿಂದ, ಅಂದರೆ ಹಣ ವಿನಿಮಯ ಮಾಡುವವರು ಕೂರುತ್ತಿದ್ದ ಬೆಂಚು, ಮೇಜು. ನದಿ ದಡದ ಪದ ಜರ್ಮಾನಿಕ್ ಅನ್ನುವ ಉತ್ತರ ಯುರೋಪಿನ ಭಾಷೆಗಳಿಂದ ಬಂತು. ಆದರೆ ಇಟಾಲಿಯನ್ ಪದವನ್ನೂ ಹಿಂದೆ ಹಿಂದೆ ಹಿಡಿದು ಹೋದರೆ ಅದೂ ಜರ್ಮಾನಿಕ್ ಮೂಲಕ್ಕೇ ಮುಟ್ಟುತ್ತದೆ. ಅಂದರೆ ಪಠ್ಯಪುಸ್ತಕದ ಈ "ಅಪರಿಚಿತರು" ನಿಜಕ್ಕೂ ದೂರದ ದಾಯಾದಿಗಳು.

## ಭಾಷೆ ಇದನ್ನು ಯಾಕೆ ಸಹಿಸಿಕೊಳ್ಳುತ್ತದೆ

ಒಂದು ಅರ್ಥಕ್ಕೆ ಒಂದೇ ಪದ ಅಂತ ಇದ್ದಿದ್ದರೆ ಎಷ್ಟು ಅಚ್ಚುಕಟ್ಟಾಗಿರುತ್ತಿತ್ತು ಅಂತ ಅನ್ನಿಸಬಹುದು. ಆದರೆ ಹಾಗೆ ಮಾಡಿದರೆ ಲಕ್ಷಾಂತರ ಪದಗಳು ಬೇಕು, ಅವುಗಳಲ್ಲಿ ಬಹಳಷ್ಟು ಉದ್ದುದ್ದ ಇರಬೇಕಾಗುತ್ತದೆ, ಯಾಕೆಂದರೆ ಬಾಯಲ್ಲಿ ಸಲೀಸಾಗಿ ಬರುವ ಚಿಕ್ಕ ಚಿಕ್ಕ ಜೋಡಣೆಗಳು ಬೇಗ ಮುಗಿದುಹೋಗುತ್ತವೆ. ಚಿಕ್ಕ ಪದಗಳನ್ನೇ ಮತ್ತೆ ಮತ್ತೆ ಬಳಸಿಕೊಂಡು, ಸುತ್ತಲಿನ ಮಾತಿನಿಂದ ಅರ್ಥ ಬಿಡಿಸಿಕೊಳ್ಳುವುದು ಹೇಳುವವರಿಗೂ ಕೇಳುವವರಿಗೂ ಕಡಿಮೆ ಶ್ರಮ. 2012ರಲ್ಲಿ ಸ್ಟೀವನ್ ಪಿಯಾಂಟಡೋಸಿ ಮತ್ತು ಸಂಗಡಿಗರು ಇದೇ ವಾದವನ್ನು ಮುಂದಿಟ್ಟರು: ಅರ್ಥದ ಗೊಂದಲ ಭಾಷೆಯ ದೋಷವಲ್ಲ, ಉಳಿತಾಯದ ದಾರಿ.

ಅದಕ್ಕೂ ಬಹಳ ಮೊದಲು, 1945ರಲ್ಲಿ ಜಾರ್ಜ್ ಕಿಂಗ್ಸ್ಲಿ ಜಿಫ್ ಒಂದು ವಿಷಯ ತೋರಿಸಿದ್ದ. ಜಾಸ್ತಿ ಬಳಕೆಯಾಗುವ ಪದಕ್ಕೆ ಜಾಸ್ತಿ ಅರ್ಥ ಇರುತ್ತದೆ. ಇದು ನಮ್ಮ ಭಾಷೆಯಲ್ಲೂ ಕಾಣುತ್ತದೆ. ಹಾಕು, ಬಿಡು, ಬೀಳು, ತೆಗೆ, ಹೊಡೆ ಇವುಗಳಿಗೆ ನಿಘಂಟಿನಲ್ಲಿ ಉದ್ದುದ್ದ ವಿವರಣೆ ಬೇಕಾಗುತ್ತದೆ. ಅಪರೂಪದ ಪದಕ್ಕೆ ಒಂದೇ ಸಾಲು ಸಾಕು.

## ನಮ್ಮ ತಲೆಯೊಳಗೆ ಏನು ನಡೆಯುತ್ತದೆ

ಸರಿಯಾದ ಅರ್ಥ ಮಾತ್ರ ನೇರವಾಗಿ ತಲೆಗೆ ಬರುತ್ತದೆ ಅಂತ ನಮಗೆ ಅನ್ನಿಸುತ್ತದೆ. ಹಾಗಲ್ಲ ಅಂತ 1979ರಲ್ಲಿ ಡೇವಿಡ್ ಸ್ವಿನ್ನಿ ಒಂದು ಪ್ರಯೋಗದಲ್ಲಿ ತೋರಿಸಿದ. ಇಂಗ್ಲಿಷಿನ "ಬಗ್" ಅಂದರೆ ಹುಳ, ಕದ್ದು ಕೇಳುವ ಸಾಧನಕ್ಕೂ ಅದೇ ಪದ. ಸಂದರ್ಭ ಹುಳದ್ದೇ ಅಂತ ಸ್ಪಷ್ಟವಾಗಿ ಗೊತ್ತಿರುವ ವಾಕ್ಯವನ್ನು ಜನರಿಗೆ ಕೇಳಿಸುತ್ತಾ, ಆ ಪದ ಬಂದ ತಕ್ಷಣ ಪರದೆಯ ಮೇಲೆ ಒಂದು ಪದ ತೋರಿಸಿದರು. ಇರುವೆ ಅನ್ನುವ ಪದವನ್ನೂ ಬೇಗ ಗುರುತಿಸಿದರು, ಗೂಢಚಾರ ಅನ್ನುವುದನ್ನೂ ಬೇಗ ಗುರುತಿಸಿದರು. ಅಂದರೆ ಎರಡೂ ಅರ್ಥ ಎದ್ದು ನಿಂತಿದ್ದವು. ಮೂರು ಅಕ್ಷರ ಹೇಳುವಷ್ಟು ಸಮಯ ಬಿಟ್ಟು ತೋರಿಸಿದರೆ ಹುಳದ ಅರ್ಥ ಮಾತ್ರ ಉಳಿದಿತ್ತು. ನಮ್ಮ ಅರಿವಿಗೆ ಬರುವ ಮೊದಲೇ ತಲೆ ಎಲ್ಲ ಅರ್ಥಗಳನ್ನೂ ಎಬ್ಬಿಸಿ, ಬೇಡದ್ದನ್ನು ಮಲಗಿಸಿಬಿಡುತ್ತದೆ.

ಹಾಗಾದರೆ ಬೇಕಾದ್ದು ಯಾವುದು ಅಂತ ಹೇಗೆ ಗೊತ್ತಾಗುತ್ತದೆ? ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ತೃಪ್ತಿಕರ ಉತ್ತರ ಸುಮಾರು 5ನೇ ಶತಮಾನದ ಭರ್ತೃಹರಿಯ ವಾಕ್ಯಪದೀಯದಲ್ಲಿದೆ. ಪದದ ಅರ್ಥ ಅನುಮಾನಕ್ಕೆ ಬಿದ್ದಾಗ ಅದನ್ನು ನಿರ್ಧರಿಸುವ 14 ಸುಳಿವುಗಳನ್ನು ಆತ ಪಟ್ಟಿ ಮಾಡಿ, ಕೊನೆಗೆ "ಮುಂತಾದವು" ಅಂತ ಬಾಗಿಲು ತೆರೆದೇ ಇಟ್ಟಿದ್ದಾನೆ. ಮುಂದಿನ ಪಂಡಿತರು ಇವಕ್ಕೆ ಕೊಟ್ಟ ಉದಾಹರಣೆಗಳು ಬಹಳ ಚೆನ್ನಾಗಿವೆ.

"ಶಂಖ ಚಕ್ರ ಇರುವ ಹರಿ" ಅಂದರೆ 13 ಅರ್ಥಗಳಲ್ಲಿ ವಿಷ್ಣು ಒಬ್ಬನೇ ಉಳಿಯುತ್ತಾನೆ. ಇದು ಜೊತೆಗಿರುವ ವಸ್ತುವಿನ ಸುಳಿವು. "ಶಂಖ ಚಕ್ರ ಇಲ್ಲದ ಹರಿ" ಅಂದರೆ? ಆಗಲೂ ವಿಷ್ಣುವೇ! ಯಾಕೆಂದರೆ ಇದ್ದವನಿಗೆ ಮಾತ್ರ "ಇಲ್ಲದ" ಅಂತ ಹೇಳಲು ಬರುತ್ತದೆ, ಕಪ್ಪೆಗೆ ಶಂಖ ಇಲ್ಲ ಅಂತ ಯಾರೂ ಹೇಳುವುದಿಲ್ಲ. "ರಾಮ ಲಕ್ಷ್ಮಣ" ಅಂದರೆ ದಶರಥನ ಮಗ ರಾಮ, ಅದು ಒಡನಾಟದ ಸುಳಿವು. "ರಾಮ ಅರ್ಜುನರ ಹಾಗೆ ಕಾದಾಡಿದರು" ಅಂದರೆ ಪರಶುರಾಮ ಮತ್ತು ಕಾರ್ತವೀರ್ಯಾರ್ಜುನ, ಅದು ಹಗೆತನದ ಸುಳಿವು. ಹೆಸರೆರಡೂ ಬೇರೆಯವರನ್ನು ನೆನಪಿಸುತ್ತಿದ್ದರೂ ಜಗಳ ಅನ್ನುವ ಒಂದೇ ಕಾರಣಕ್ಕೆ ಅರ್ಥ ತಿರುಗಿತು.

ಎಲ್ಲಕ್ಕಿಂತ ಪ್ರಸಿದ್ಧವಾದದ್ದು "ಸೈಂಧವ ತಗೊಂಡು ಬಾ". ಸೈಂಧವ ಅಂದರೆ ಉಪ್ಪು, ಕುದುರೆ ಎರಡೂ. ಊಟಕ್ಕೆ ಕೂತವನು ಹೇಳಿದರೆ ಉಪ್ಪು, ಹೊರಡಲು ಎದ್ದವನು ಹೇಳಿದರೆ ಕುದುರೆ. ವಾಕ್ಯದಲ್ಲಿ ಒಂದಕ್ಷರವೂ ಬದಲಾಗಿಲ್ಲ, ಬದಲಾದದ್ದು ಸಂದರ್ಭ. ಅಂದಹಾಗೆ ಇವೂ ಅಣ್ಣ ತಮ್ಮಂದಿರೇ, ಸಿಂಧು ಪ್ರದೇಶದಿಂದ ಬಂದದ್ದು ಅನ್ನುವ ಅರ್ಥದಲ್ಲಿ ಎರಡಕ್ಕೂ ಆ ಹೆಸರು ಬಂತು.

ಈ ಪಟ್ಟಿಯಿಂದ ತಿಳಿಯುವ ಮುಖ್ಯ ವಿಷಯ ಅಂದರೆ, ಸುಳಿವುಗಳಲ್ಲಿ ಕೆಲವು ವಾಕ್ಯದೊಳಗೆ ಇರುತ್ತವೆ, ಕೆಲವು ವಾಕ್ಯದ ಹೊರಗೆ, ಲೋಕದಲ್ಲಿ ಇರುತ್ತವೆ. ಈ ವ್ಯತ್ಯಾಸ ನೆನಪಿಡಿ, ಯಂತ್ರಗಳು ಎಡವಿದ್ದು ಇಲ್ಲೇ.

## ಯಂತ್ರಗಳು ಕಲಿತ ದಾರಿ

1949ರಲ್ಲಿ ವಾರೆನ್ ವೀವರ್ ಯಂತ್ರದಿಂದ ಅನುವಾದ ಮಾಡಿಸುವ ಬಗ್ಗೆ ಒಂದು ಟಿಪ್ಪಣಿ ಬರೆದ. ಕಾಗದದಲ್ಲಿ ಒಂದೇ ಪದ ಕಾಣುವಷ್ಟು ರಂಧ್ರ ಕೊರೆದು ಪುಸ್ತಕದ ಮೇಲಿಟ್ಟರೆ ಆ ಪದದ ಅರ್ಥ ಹೇಳಲು ಆಗುವುದಿಲ್ಲ. ರಂಧ್ರವನ್ನು ಎರಡೂ ಕಡೆ ಸ್ವಲ್ಪ ಸ್ವಲ್ಪ ಅಗಲ ಮಾಡುತ್ತಾ ಹೋದರೆ ಒಂದು ಹಂತದಲ್ಲಿ ಅರ್ಥ ಖಚಿತವಾಗುತ್ತದೆ. ಎಷ್ಟು ಪದ ಕಂಡರೆ ಸಾಕು ಅನ್ನುವುದೇ ಪ್ರಶ್ನೆ ಅಂದ.

1960ರಲ್ಲಿ ಯೆಹೋಶುವಾ ಬಾರ್-ಹಿಲ್ಲೆಲ್ ಇದಕ್ಕೆ ತಣ್ಣೀರು ಎರಚಿದ. ಆತ ಕೊಟ್ಟ ವಾಕ್ಯ ಚಿಕ್ಕದು: "ಪೆಟ್ಟಿಗೆ ಪೆನ್ನಿನಲ್ಲಿತ್ತು." ಇಂಗ್ಲಿಷಿನಲ್ಲಿ ಪೆನ್ ಅಂದರೆ ಬರೆಯುವ ಸಾಧನ, ಮಕ್ಕಳನ್ನು ಆಡಲು ಬಿಡುವ ಸಣ್ಣ ಬೇಲಿಯ ಜಾಗವೂ ಪೆನ್. ಪೆಟ್ಟಿಗೆ ಬರೆಯುವ ಪೆನ್ನಿಗಿಂತ ದೊಡ್ಡದು, ಅದರೊಳಗೆ ಹಿಡಿಯುವುದಿಲ್ಲ ಅಂತ ನಮಗೆ ಗೊತ್ತು. ಆದರೆ ಆ ತಿಳಿವಳಿಕೆ ಪಕ್ಕದ ಪದಗಳಲ್ಲಿ ಎಲ್ಲೂ ಇಲ್ಲ. ರಂಧ್ರ ಎಷ್ಟು ಅಗಲ ಮಾಡಿದರೂ ಅದು ಕಾಣುವುದಿಲ್ಲ.

ಆಮೇಲೆ ಬಂದ ದಾರಿಗಳು ಹಲವು. 1986ರಲ್ಲಿ ಮೈಕಲ್ ಲೆಸ್ಕ್ ನಿಘಂಟನ್ನೇ ಬಳಸಿದ: ಪಕ್ಕಪಕ್ಕದ ಎರಡು ಪದಗಳ ವಿವರಣೆಗಳನ್ನು ಹೋಲಿಸಿ, ಯಾವ ಅರ್ಥಗಳ ವಿವರಣೆಯಲ್ಲಿ ಒಂದೇ ಪದಗಳು ಜಾಸ್ತಿ ಸಿಗುತ್ತವೋ ಆ ಅರ್ಥ ಆರಿಸು ಅಂದ. 1992ರಲ್ಲಿ ಗೇಲ್, ಚರ್ಚ್, ಯರೋವ್ಸ್ಕಿ ಇನ್ನೊಂದು ಉಪಯುಕ್ತ ವಿಷಯ ಗಮನಿಸಿದರು. ಒಂದು ಬರಹದಲ್ಲಿ ಒಂದು ಪದ ಎಷ್ಟು ಸಲ ಬಂದರೂ ಬಹುಪಾಲು ಒಂದೇ ಅರ್ಥದಲ್ಲಿ ಬರುತ್ತದೆ. ಮೊದಲ ಸಾಲಿನಲ್ಲಿ ಖಾತೆ ಅಂದರೆ ಜಮೀನಿನ ಖಾತೆ ಅಂತ ಗೊತ್ತಾದರೆ ಕೊನೆಯ ಸಾಲಿನವರೆಗೂ ಸಾಮಾನ್ಯವಾಗಿ ಅದೇ.

ದೊಡ್ಡ ತಿರುವು ಬಂದದ್ದು ಈಚೆಗೆ. 2013ರ ವರ್ಡ್‌ಟುವೆಕ್ ವಿಧಾನದಲ್ಲಿ ಪ್ರತಿ ಪದವನ್ನೂ ಸಂಖ್ಯೆಗಳ ಒಂದು ಸಾಲಾಗಿ ಬರೆಯುತ್ತಿದ್ದರು. ಒಂದು ಪದಕ್ಕೆ ಒಂದೇ ಸಾಲು, ಹಾಗಾಗಿ ನೀರಿನ ನೆರೆಯೂ ಪಕ್ಕದ ನೆರೆಯೂ ಒಂದರಲ್ಲೇ ಕಲಸಿಹೋಗುತ್ತಿದ್ದವು. 2018ರ ಬರ್ಟ್ ಅನ್ನುವ ಭಾಷಾ ಮಾದರಿ, ಅಂದರೆ ಬರಹ ಓದಿ ಭಾಷೆ ಕಲಿಯುವ ಕಂಪ್ಯೂಟರ್ ವ್ಯವಸ್ಥೆ, ಮತ್ತು ಅದರ ನಂತರದ ಮಾದರಿಗಳಲ್ಲಿ ಪದದ ಸಂಖ್ಯೆಗಳನ್ನು ಪ್ರತಿ ವಾಕ್ಯದಲ್ಲೂ ಹೊಸದಾಗಿ, ಸುತ್ತಲಿನ ಪದಗಳನ್ನು ನೋಡಿ ಲೆಕ್ಕ ಹಾಕುತ್ತಾರೆ. "ನೆರೆ ಪರಿಹಾರ"ದ ನೆರೆಗೆ ಒಂದು ಸಾಲು, "ನೆರೆ ರಾಜ್ಯ"ದ ನೆರೆಗೆ ಬೇರೆ ಸಾಲು. ಅಪಾರ ಬರಹ ಓದಿಸಿದ್ದರಿಂದ ಪೆಟ್ಟಿಗೆ, ಪೆನ್ನಿನ ಗಾತ್ರದಂಥ ಲೋಕಜ್ಞಾನವೂ ಸ್ವಲ್ಪ ಮಟ್ಟಿಗೆ ಒಳಗೆ ಇಳಿದಿದೆ. ಆದರೆ ಬರಹ ಕಡಿಮೆ ಸಿಗುವ ಭಾಷೆಗಳಲ್ಲಿ ಯಂತ್ರಕ್ಕೆ ಒಂದು ಪದದ ಅಪರೂಪದ ಅರ್ಥ ಕಾಣಸಿಗುವುದೇ ಕಡಿಮೆ, ಅದಕ್ಕೇ ಅಲ್ಲಿ ತಪ್ಪು ಜಾಸ್ತಿ.

## ಹೆಸರುಗಳ ಕಷ್ಟ ಬೇರೆಯೇ

ಪದಕ್ಕೆ ವಾಕ್ಯದ ಆಸರೆ ಇರುತ್ತದೆ. ಹೆಸರು ಬಹಳ ಸಲ ಒಂಟಿಯಾಗಿ ನಿಲ್ಲುತ್ತದೆ: ಟಿಕೆಟ್ಟಿನ ಮೇಲೆ, ಅರ್ಜಿಯಲ್ಲಿ, ಹುಡುಕುವ ಚೌಕದಲ್ಲಿ. ಸುತ್ತ ಏನೂ ಇಲ್ಲದಿದ್ದರೆ ಯಾವ ಸುಳಿವಿನಿಂದ ಬಿಡಿಸುವುದು? ಜೊತೆಗೆ ಹೆಸರಿಡುವುದಕ್ಕೆ ಯಾವ ತಡೆಯೂ ಇಲ್ಲ, ಒಂದೇ ಹೆಸರನ್ನು ಯಾರು ಬೇಕಾದರೂ ಎಲ್ಲಿ ಬೇಕಾದರೂ ಇಡಬಹುದು.

ಜಾರ್ಜಿಯಾ ನೋಡಿ. ಅಮೆರಿಕದ ಜಾರ್ಜಿಯಾಕ್ಕೆ ಹೆಸರು ಬಂದದ್ದು ಬ್ರಿಟನ್ನಿನ ದೊರೆ ಎರಡನೇ ಜಾರ್ಜ್‌ನಿಂದ, 1732ರಲ್ಲಿ. ಕಾಕಸಸ್ ಬೆಟ್ಟಗಳ ಪಕ್ಕದ ಜಾರ್ಜಿಯಾ ದೇಶಕ್ಕೆ ಆ ದೊರೆಯ ಪರಿಚಯವೇ ಇಲ್ಲ. ಆ ಹೆಸರು ಕೂಡ ಹೊರಗಿನವರು ಇಟ್ಟದ್ದು, ಅಲ್ಲಿಯ ಜನ ತಮ್ಮ ನಾಡನ್ನು ಸಕಾರ್ತ್ವೆಲೋ ಅನ್ನುತ್ತಾರೆ. ದಕ್ಷಿಣ ಅಟ್ಲಾಂಟಿಕ್ಕಿನ ಸೌತ್ ಜಾರ್ಜಿಯಾ ದ್ವೀಪಕ್ಕೆ 1775ರಲ್ಲಿ ಜೇಮ್ಸ್ ಕುಕ್ ಹೆಸರಿಟ್ಟದ್ದು ಮೂರನೇ ಜಾರ್ಜ್‌ನ ನೆನಪಿಗೆ. ಗಲೀಸಿಯಾ ಅನ್ನುವ ಹೆಸರಿನ ಪ್ರದೇಶ ಸ್ಪೇನಿನಲ್ಲಿ ಒಂದು, ಪೋಲೆಂಡ್ ಉಕ್ರೇನ್ ಗಡಿಯ ಕಡೆ ಇನ್ನೊಂದು. ಮೊದಲನೆಯದು ಒಂದು ಬುಡಕಟ್ಟಿನ ಹೆಸರಿನಿಂದ, ಎರಡನೆಯದು ಹಾಲಿಚ್ ಅನ್ನುವ ಊರಿನಿಂದ.

ಸಿಡ್ನಿಯದು ಇದಕ್ಕೆ ವಿರುದ್ಧ. ಆಸ್ಟ್ರೇಲಿಯಾದಲ್ಲಿ ಒಂದು, ಕೆನಡಾದ ನೋವಾ ಸ್ಕಾಟಿಯಾದಲ್ಲಿ ಇನ್ನೊಂದು, ಎರಡಕ್ಕೂ ಲಾರ್ಡ್ ಸಿಡ್ನಿ ಅನ್ನುವ ಒಬ್ಬನೇ ವ್ಯಕ್ತಿಯ ಹೆಸರು. ಆಸ್ಟ್ರೇಲಿಯಾಕ್ಕೆ ಹೊರಟು ಕೆನಡಾದ ಆ ಸಣ್ಣ ಊರಿಗೆ ಹೋಗಿ ಇಳಿದ ಪ್ರಯಾಣಿಕರ ಸುದ್ದಿ ಒಂದಕ್ಕಿಂತ ಹೆಚ್ಚು ಸಲ ಬಂದಿದೆ. ಇಂಥ ಕಡೆ ನೆರವಿಗೆ ಬರುವುದು ವಿಮಾನ ನಿಲ್ದಾಣಗಳಿಗೆ ಇರುವ ಮೂರಕ್ಷರದ ಗುರುತು. ಆಸ್ಟ್ರೇಲಿಯಾದ್ದು ಎಸ್‌ವೈಡಿ, ಕೆನಡಾದ್ದು ವೈಕ್ಯೂವೈ. ಟಿಕೆಟ್ ಮಾಡುವಾಗ ಊರಿನ ಹೆಸರಿಗಿಂತ ಆ ಮೂರಕ್ಷರ ನೋಡುವುದು ಒಳ್ಳೆಯದು.

ಹೆಸರಿನ ಹಿಂದಿನ ಕಥೆ ಊಹೆಗೆ ನಿಲುಕದ್ದೂ ಆಗಿರಬಹುದು. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಗೆ ಹೆಬ್ಬಾವಿನ ಹೆಸರು ಅಂತ ಬಹಳ ಜನ ತಿಳಿದಿದ್ದಾರೆ. 1991ರಲ್ಲಿ ಅದನ್ನು ಹೊರತಂದ ಗೀಡೋ ವಾನ್ ರಾಸಮ್ ಆ ಹೆಸರು ತೆಗೆದುಕೊಂಡದ್ದು ಮಾಂಟಿ ಪೈಥಾನ್ ಅನ್ನುವ ಬ್ರಿಟಿಷ್ ಹಾಸ್ಯ ತಂಡದಿಂದ.

ಗೊಂದಲ ಬಿಡಿಸಲು ಜನ ಹಿಂದಿನಿಂದಲೂ ಹೆಸರಿಗೆ ಏನಾದರೂ ಅಂಟಿಸುತ್ತಲೇ ಬಂದಿದ್ದಾರೆ. ಇಮ್ಮಡಿ ಪುಲಿಕೇಶಿ, ಮುಮ್ಮಡಿ ಕೃಷ್ಣರಾಜ, ನಾಲ್ವಡಿ ಕೃಷ್ಣರಾಜ ಅನ್ನುವಾಗ ನಾವು ಮಾಡುವುದು ಅದನ್ನೇ. ಛಂದೋಂಬುಧಿ ಬರೆದ ನಾಗವರ್ಮ ಬೇರೆ, ಕಾವ್ಯಾವಲೋಕನ ಬರೆದ ನಾಗವರ್ಮ ಬೇರೆ, ಆದ್ದರಿಂದ ಸಾಹಿತ್ಯ ಚರಿತ್ರೆಯಲ್ಲಿ ಒಂದನೆಯ, ಎರಡನೆಯ ಅಂತ ಸೇರಿಸುತ್ತಾರೆ. ಹಾಲಿವುಡ್ಡಿನ ಮೈಕಲ್ ಕೀಟನ್‌ನ ಹುಟ್ಟುಹೆಸರು ಮೈಕಲ್ ಡಗ್ಲಸ್. ಆ ಹೆಸರಿನ ನಟ ಆಗಲೇ ಇದ್ದದ್ದರಿಂದ ಹೆಸರನ್ನೇ ಬದಲಿಸಬೇಕಾಯಿತು. ಸಂಶೋಧಕರಿಗಾಗಿ 2012ರಲ್ಲಿ ಆರ್ಕಿಡ್ ಅನ್ನುವ 16 ಅಂಕಿಯ ಗುರುತು ಶುರುವಾಯಿತು, ಹೆಸರು ಒಂದೇ ಇದ್ದರೂ ಯಾರ ಬರಹ ಯಾರದ್ದು ಅಂತ ತಿಳಿಯಲಿ ಅಂತ.

ಜೀವಿಗಳಿಗೆ ಹೆಸರಿಡುವವರಿಗೆ ಇದು ನಿಯಮದ ಪ್ರಶ್ನೆ. ಪ್ರಾಣಿಗಳಲ್ಲಿ ಒಂದು ಕುಲದ ಹೆಸರು ಇನ್ನೊಂದಕ್ಕೆ ಇರಬಾರದು. ಬಾತುಕೋಳಿಯಂಥ ಕೊಕ್ಕಿರುವ ಆಸ್ಟ್ರೇಲಿಯಾದ ಪ್ಲಾಟಿಪಸ್‌ಗೆ 1799ರಲ್ಲಿ ಪ್ಲಾಟಿಪಸ್ ಅಂತಲೇ ವೈಜ್ಞಾನಿಕ ಹೆಸರು ಕೊಟ್ಟರು. ಆದರೆ ಆ ಹೆಸರು ಆಗಲೇ ಒಂದು ಜೀರುಂಡೆಗೆ ಇತ್ತು! ಹಾಗಾಗಿ ಅದು ಆರ್ನಿಥೋರಿಂಕಸ್ ಆಯಿತು, ಹಳೆಯ ಹೆಸರು ಜನರ ಬಾಯಲ್ಲಿ ಮಾತ್ರ ಉಳಿಯಿತು. ಗಿಡಗಳ ನಿಯಮಾವಳಿ ಬೇರೆ, ಪ್ರಾಣಿಗಳದ್ದು ಬೇರೆ. ಆದ್ದರಿಂದ ಒಂದು ಗಿಡ, ಒಂದು ಪ್ರಾಣಿ ಒಂದೇ ಹೆಸರು ಇಟ್ಟುಕೊಳ್ಳಬಹುದು. ಮೋರಸ್ ಅಂದರೆ ಹಿಪ್ಪುನೇರಳೆಯ ಕುಲವೂ ಹೌದು, ಗ್ಯಾನೆಟ್ ಅನ್ನುವ ಕಡಲ ಹಕ್ಕಿಗಳ ಕುಲವೂ ಹೌದು.

## ಹುಡುಕುವಾಗ, ಅನುವಾದ ಮಾಡಿಸುವಾಗ

ಯಂತ್ರಕ್ಕೆ ಒಂಟಿ ಪದ ಕೊಡಬೇಡಿ. "ಅರಿ" ಅಂತ ಬರೆದರೆ ಮೂರರಲ್ಲಿ ಯಾವುದು ಬೇಕಾದರೂ ಬರಬಹುದು, ಪೂರ್ತಿ ವಾಕ್ಯ ಕೊಟ್ಟರೆ ಅದಕ್ಕೆ ಸುಳಿವು ಸಿಗುತ್ತದೆ. ಊರಿನ ಹೆಸರಾದರೆ ದೇಶ ಸೇರಿಸಿ, ವ್ಯಕ್ತಿಯಾದರೆ ಕೆಲಸ ಅಥವಾ ಕಾಲ ಸೇರಿಸಿ. ಅನುವಾದ ವಿಚಿತ್ರ ಅನ್ನಿಸಿದರೆ ಮೂಲದ ಪದದ ಬದಲು ಅದೇ ಅರ್ಥದ ಇನ್ನೊಂದು ಪದ ಹಾಕಿ ನೋಡಿ: ನೆರೆ ಬದಲು ಪ್ರವಾಹ, ಖಾತೆ ಬದಲು ಇಲಾಖೆ.

ಎರಡು ಅರ್ಥಗಳು ಅಣ್ಣ ತಮ್ಮಂದಿರೋ ಅಪರಿಚಿತರೋ ಅಂತ ತಿಳಿಯುವ ಆಸೆ ಇದ್ದರೆ ಒಳ್ಳೆಯ ನಿಘಂಟು ತೆರೆಯಿರಿ. ಒಂದೇ ಪದವನ್ನು ಎರಡು ಪ್ರತ್ಯೇಕ ನಮೂದಾಗಿ ಕೊಟ್ಟಿದ್ದರೆ ನಿಘಂಟುಕಾರರು ಅವನ್ನು ಬೇರೆ ಬೇರೆ ಪದ ಅಂತ ನೋಡಿದ್ದಾರೆ. ಒಂದೇ ನಮೂದಿನ ಕೆಳಗೆ 1, 2, 3 ಅಂತ ಅರ್ಥ ಕೊಟ್ಟಿದ್ದರೆ ಬೇರು ಒಂದೇ ಅಂತ. ಕನ್ನಡಕ್ಕೆ 1894ರಲ್ಲಿ ಬಂದ ಕಿಟ್ಟೆಲ್ ನಿಘಂಟು ಈ ಕೆಲಸಕ್ಕೆ ಇವತ್ತಿಗೂ ಬಹಳ ಉಪಯೋಗ, ಯಾಕೆಂದರೆ ಅದರಲ್ಲಿ ಱ, ೞ ಎರಡನ್ನೂ ಉಳಿಸಿಕೊಂಡಿದ್ದಾರೆ.